ದುಡುಕಿದ ಗುಂಪಿನ ಮೇಲೆ ಹುಲಿ ಬಿಡುವುದು ಬೇಡ

ಪಾತ್ರಾಭಿನಯ ನಮ್ಮ ಬೋಧನಾಭ್ಯಾಸಕ್ಕೆ ಹೊಸದಲ್ಲ. ಗ್ರಾಮ ಪಂಚಾಯಿತಿ ಸಭೆ, ಅಣಕು ಸಂಸತ್ತು, ನ್ಯಾಯಾಲಯದ ದೃಶ್ಯ ಇವು ಪ್ರತಿ ವರ್ಷವೂ ಬರುತ್ತವೆ. ಅವುಗಳಲ್ಲಿ ಮಾತು ಮೊದಲೇ ಬರೆದಿರುತ್ತದೆ. ಮಗು ಮರೆತರೆ ಪ್ರಶಿಕ್ಷಣಾರ್ಥಿ ಪಕ್ಕದಿಂದ ಪಿಸುಗುಟ್ಟುತ್ತಾರೆ. ಈಚೆಗೆ ಕೆಲವರು ಇನ್ನೊಂದು ಬಗೆಯದನ್ನು ತರಗತಿಗೆ ತರುತ್ತಿದ್ದಾರೆ. ಇದರಲ್ಲಿ ಬರೆದ ಮಾತಿಲ್ಲ, ವೇಷವಿಲ್ಲ. ಶಿಕ್ಷಕರು ಸೂತ್ರಧಾರರಾಗಿ ಒಂದು ಸನ್ನಿವೇಶ ಹೇಳುತ್ತಾರೆ. ಮಕ್ಕಳ ಗುಂಪು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ನಿರ್ಧರಿಸುತ್ತದೆ. ಫಲ ಹೀಗೂ ಆಗಬಹುದು, ಹಾಗೂ ಆಗಬಹುದು ಎಂಬಲ್ಲಿ ದಾಳ ಉರುಳುತ್ತದೆ. ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ ಮೇಜಿನ ಸುತ್ತ ಕುಳಿತು ಗಂಟೆಗಟ್ಟಲೆ ಆಡುವ ಈ ಆಟವನ್ನು 40 ನಿಮಿಷದ ಅವಧಿಗೆ ಇಳಿಸಿಕೊಂಡಿದ್ದಾರೆ. ನನಗೆ ಇದು ಇಷ್ಟವಾಗಿದೆ. ಆದರೆ ಇದರ ಜೊತೆಗೇ ಬಂದಿರುವ ಒಂದು ಪದ್ಧತಿಯ ಬಗ್ಗೆ ನನ್ನ ತಕರಾರಿದೆ. ನಮ್ಮ ಅವಲೋಕನ ನಮೂನೆ ಆ ಪದ್ಧತಿಗೇ ಹೆಚ್ಚು ಅಂಕ ಕೊಡುತ್ತಿರುವುದರಿಂದ ತಕರಾರನ್ನು ಇಲ್ಲಿಯೇ ಹೇಳಬೇಕಾಗಿದೆ.

ಮಕ್ಕಳಿಗೆ ಆಯ್ಕೆ ಕೊಟ್ಟರೆ ಅವರು ದುಡುಕುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದೊಡ್ಡವರು ಆಡುವ ಮೇಜುಗಳಲ್ಲೂ ಇದೇ ನಡೆಯುತ್ತದೆ. ರಾಜನ ಸಭೆಯಲ್ಲಿ ರಾಜನನ್ನೇ ಬೈಯುವ ಆಟಗಾರ ಪ್ರತಿ ಮೇಜಿನಲ್ಲೂ ಒಬ್ಬನಿರುತ್ತಾನೆ. ಆ ಕ್ಷಣದಲ್ಲಿ ಸೂತ್ರಧಾರ ಏನು ಮಾಡಬೇಕು ಎಂಬುದೇ ಪ್ರಶ್ನೆ.

ನಾನು ಕಂಡ ಒಂದು ಪಾಠ ಹೀಗಿತ್ತು. ವಿಷಯ ವಿಜಯನಗರ ಕಾಲದ ವ್ಯಾಪಾರ. ತರಗತಿಯನ್ನು ಎಂಟು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಬ್ಬೊಬ್ಬ ವರ್ತಕನ ಪಾತ್ರ, ಹತ್ತು ಹೇರೆತ್ತು. ರಾಜಧಾನಿಯಿಂದ ಘಟ್ಟ ಇಳಿದು ಭಟ್ಕಳ ಬಂದರು ತಲುಪಬೇಕು. ಆ ಬಂದರಿನಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹಡಗೇರುತ್ತಿದ್ದವು, ಸಮುದ್ರದಾಚೆಯಿಂದ ಕುದುರೆಗಳು ಬಂದಿಳಿಯುತ್ತಿದ್ದವು ಎಂಬುದು ಕಲಿಕಾಂಶ. ದಾರಿಯಲ್ಲಿ ಸುಂಕದ ಕಟ್ಟೆ. ಹತ್ತು ಹೇರಿಗೆ ಒಂದು ಹೇರು ಸುಂಕ ಎಂದು ಪ್ರಶಿಕ್ಷಣಾರ್ಥಿ ಆಟಕ್ಕಾಗಿ ನಿಯಮ ಮಾಡಿಕೊಂಡಿದ್ದರು. ಹಿಂದಿನ ಬೆಂಚಿನ ಗುಂಪಿನಿಂದ ಒಬ್ಬ ಹುಡುಗ ಎದ್ದು, "ಸುಂಕದವನಿಗೆ ಎರಡು ಬಿಟ್ಟು ಓಡಿಹೋಗ್ತೀವಿ ಸಾರ್" ಅಂದ. ತರಗತಿ ಗೊಳ್ಳೆಂದಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ಆ ಹುಡುಗನಿಗೂ ಗೊತ್ತಿತ್ತೋ ಏನೋ. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, "ಸರಿ, ಓಡಿದಿರಿ. ಕಾಡಿನಲ್ಲಿ ಹುಲಿ ಬಂತು. ನಿಮ್ಮ ಸೆಟ್ಟಿಯನ್ನು ತಿಂದು ಹಾಕಿತು. ನಿಮ್ಮ ಆಟ ಮುಗೀತು, ಕೈಕಟ್ಟಿ ಕೂತ್ಕೊಳ್ಳಿ" ಅಂದರು. ಮತ್ತೆ ನಗು. ಉಳಿದ ಏಳು ಗುಂಪುಗಳು ಮರುಮಾತಿಲ್ಲದೆ ಸುಂಕ ಕೊಟ್ಟವು. ಪಾಠ ಯೋಜನೆ ಹೇಳಿದ ನಿಮಿಷಕ್ಕೆ ಮುಗಿಯಿತು. ನನ್ನ ಜೊತೆ ಕುಳಿತಿದ್ದ ಸಹೋದ್ಯೋಗಿ 'ತರಗತಿ ನಿಯಂತ್ರಣ' ಎಂಬಲ್ಲಿ ಪೂರ್ಣ ಅಂಕ ಹಾಕಿದರು. ಸಮಯಸ್ಫೂರ್ತಿ ಇದೆ ಎಂದೂ ಬರೆದರು.

ಆ ಹುಲಿ ಎಲ್ಲಿಂದ ಬಂತು ಎಂದು ನಾವು ಕೇಳಬೇಕಿತ್ತು. ಘಟ್ಟದ ಕಾಡಿನಲ್ಲಿ ಹುಲಿ ಇರಲಿಲ್ಲವೆಂದಲ್ಲ. ಆದರೆ ಸುಂಕದವನನ್ನು ಹೊಡೆದದ್ದಕ್ಕೂ ಹುಲಿ ಬಂದದ್ದಕ್ಕೂ ಸಂಬಂಧವೇನು? ಸುಂಕ ಕೊಟ್ಟ ಏಳು ಗುಂಪುಗಳೂ ಅದೇ ಕಾಡಿನಲ್ಲಿ ಹಾದುಹೋದವು, ಅವರಿಗೆ ಹುಲಿ ಕಾಣಿಸಲಿಲ್ಲ. ಅದು ಕಾಡಿನ ಹುಲಿಯಲ್ಲ, ಮೇಷ್ಟರ ಹುಲಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ ಮೇಲೆ ಬೆತ್ತ ಕಪಾಟಿಗೆ ಹೋಯಿತು. ಅದು ಕತೆಯೊಳಗೆ ನುಸುಳಿ ಪಟ್ಟೆ ಬಳಿದುಕೊಂಡು ಬಂದರೆ ನಮಗೆ ಗುರುತು ಸಿಗುವುದಿಲ್ಲ, ಮಕ್ಕಳಿಗೆ ಕೂಡಲೇ ಸಿಗುತ್ತದೆ. ಉಳಿದ ಏಳು ಗುಂಪುಗಳು ಸುಂಕ ಕೊಟ್ಟದ್ದು ಸುಂಕದ ವಿಷಯ ಅರ್ಥವಾಗಿ ಅಲ್ಲ, ಸರ್ ಮನಸ್ಸಿನಲ್ಲಿರುವ ಉತ್ತರ ಯಾವುದೆಂದು ಗೊತ್ತಾಗಿ.

ಇದನ್ನು ವಿವರಿಸುವ ಸಿದ್ಧಾಂತವನ್ನು ನಾವೇ ಬೋಧಿಸುತ್ತೇವೆ ಎಂಬುದು ತಮಾಷೆ. ರೂಸೋ 1762ರಲ್ಲಿ ಪ್ರಕಟಿಸಿದ 'ಎಮಿಲ್'ನ ಸ್ವಾಭಾವಿಕ ಪರಿಣಾಮಗಳ ತತ್ವವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಪರೀಕ್ಷೆಯಲ್ಲಿ ಎರಡು ಪುಟ ಬರೆಯುತ್ತಾರೆ. ಮಗು ತನ್ನ ಕೋಣೆಯ ಕಿಟಕಿಯ ಗಾಜು ಒಡೆದರೆ ಬೈಯಬೇಡಿ, ಗಾಳಿ ಒಳಗೆ ಬೀಸಲಿ, ಚಳಿ ತಾನೇ ಪಾಠ ಕಲಿಸಲಿ ಎನ್ನುವ ಉದಾಹರಣೆ ಎಲ್ಲರಿಗೂ ಗೊತ್ತು. ಅದೇ ಉದಾಹರಣೆಯ ಮುಂದಿನ ಭಾಗವನ್ನು ಮಾತ್ರ ಯಾರೂ ಬರೆಯುವುದಿಲ್ಲ. ಮಗು ಮತ್ತೆ ಮತ್ತೆ ಒಡೆದರೆ ಕಿಟಕಿಯೇ ಇಲ್ಲದ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿ ಎನ್ನುತ್ತಾನೆ ರೂಸೋ. ಚಳಿ ಗಾಜು ಒಡೆದುದರ ಪರಿಣಾಮ, ನಿಜ. ಕತ್ತಲೆ ಕೋಣೆಗೆ ಬೀಗ ಹಾಕುವವನು ಗುರು. ಸ್ವಾಭಾವಿಕ ಪರಿಣಾಮ ಎಂಬ ಹೆಸರಿನಲ್ಲೇ ಶಿಕ್ಷೆ ಒಳಗೆ ಬರುವುದು ಹೀಗೆ. ಪಿಯಾಜೆ 1932ರಲ್ಲಿ ಮಕ್ಕಳ ನೈತಿಕ ತೀರ್ಮಾನಗಳ ಬಗ್ಗೆ ಬರೆಯುವಾಗ ಈ ಎರಡನ್ನೂ ಬೇರ್ಪಡಿಸಿದ. ಮಾಡಿದ ಕೆಲಸಕ್ಕೂ ಅನುಭವಿಸುವ ಶಿಕ್ಷೆಗೂ ಯಾವ ಸಂಬಂಧವೂ ಇಲ್ಲದೆ ನೋವಾದರೆ ಸಾಕು ಎನ್ನುವುದು ಒಂದು ಬಗೆ. ಮಾಡಿದ ಕೆಲಸದಿಂದಲೇ ಹುಟ್ಟುವ, ಅದರ ಅರ್ಥವನ್ನು ಮಗುವಿಗೆ ಕಾಣಿಸುವ ಪರಿಣಾಮ ಇನ್ನೊಂದು ಬಗೆ. ಹುಲಿ ಮೊದಲನೆಯ ಬಗೆಯದು.

ಹಾಗಾದರೆ ಎರಡನೆಯ ಬಗೆ ಹೇಗಿರುತ್ತದೆ? ಅದೇ ವಾರ ಇನ್ನೊಂದು ವಿಭಾಗದಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಇದೇ ಪಾಠ ಮಾಡಿದರು. ಅಲ್ಲಿಯೂ ಒಂದು ಗುಂಪು ಸುಂಕದವನನ್ನು ಹೊಡೆಯಲು ಹೊರಟಿತು. ಮಕ್ಕಳಿಗೆ ಸುಂಕದ ಕಟ್ಟೆ ಎಂದರೆ ಕೈ ತುರಿಸುತ್ತದೆ ಎಂದು ಕಾಣುತ್ತದೆ. ಈ ಪ್ರಶಿಕ್ಷಣಾರ್ಥಿ ದಾಳ ಮುಟ್ಟಲಿಲ್ಲ. ಕೇಳಿದರು:

"ಕಟ್ಟೆ ಹತ್ತಿರ ಯಾರ್ಯಾರಿದ್ದಾರೆ ಅಂತ ಅಂದುಕೊಂಡಿದ್ದೀರಿ?"

"ಒಬ್ಬ ತಾತ, ಟೀಚರ್. ಕೋಲು ಹಿಡ್ಕೊಂಡು ಕೂತಿದಾನೆ."

"ಓಹೋ. ತಾತ ಇದ್ದಾನೆ, ಸರಿ. ಅವನ ಹಿಂದೆ ಹತ್ತು ಜನ ಕಾವಲಿನವರಿದ್ದಾರೆ. ಕತ್ತಿ, ಈಟಿ ಇವೆ. ಮುಂದಿನ ಕಟ್ಟೆಗೆ ಒಂದು ದಿನದ ದಾರಿ. ಅಲ್ಲಿಗೆ ಕುದುರೆ ಮೇಲೆ ಸುದ್ದಿ ಹೋಗುತ್ತೆ, ನಿಮ್ಮ ಎತ್ತು ಅಷ್ಟು ಬೇಗ ಹೋಗಲ್ಲ. ಈಗ ಏನು ಮಾಡ್ತೀರಿ?"

ಗುಂಪಿನಲ್ಲಿ ಗುಸುಗುಸು ನಡೆಯಿತು. ಒಬ್ಬಳು ಎದ್ದು, "ಹೊಡೆಯಲ್ಲ ಟೀಚರ್. ಆದ್ರೆ ಯಾಕೆ ಕೊಡಬೇಕು ಅಂತ ಕೇಳ್ತೀವಿ" ಅಂದಳು.

ಇಡೀ ಪಾಠದ ತಿರುಳು ಆ ಪ್ರಶ್ನೆಯಲ್ಲಿತ್ತು. ಯಾಕೆ ಕೊಡಬೇಕು? ಆ ಹಣ ಯಾರಿಗೆ ಸೇರುತ್ತದೆ? ಕೊಟ್ಟವನಿಗೆ ಏನು ಸಿಗುತ್ತದೆ, ದಾರಿಯ ಕಾವಲೋ, ಬರೀ ಕಿರುಕುಳವೋ? ಸುಂಕ ಕೊಟ್ಟು ಸುಮ್ಮನೆ ಮುಂದೆ ಹೋದ ಗುಂಪುಗಳು ಯಾವುವೂ ಇದನ್ನು ಕೇಳಿರಲಿಲ್ಲ. ದುಡುಕಲು ಹೊರಟ ಗುಂಪೇ ಕೇಳಿತು.

ಇದರಲ್ಲಿ ಗಮನಿಸಬೇಕಾದದ್ದು ಆ ತಾತ. ಮಕ್ಕಳ ಕಲ್ಪನೆಯಲ್ಲಿ ಒಬ್ಬ ಮುದುಕ, ಶಿಕ್ಷಕರ ಕಲ್ಪನೆಯಲ್ಲಿ ಹತ್ತು ಈಟಿ. ಮುದುಕನೊಬ್ಬನೇ ಇದ್ದಾನೆ ಎಂದು ತಿಳಿದಿದ್ದವರಿಗೆ ಓಡಿಹೋಗುವುದು ದುಡುಕೇ ಅಲ್ಲ, ಲೆಕ್ಕಾಚಾರ. ನಾವು ಹುಚ್ಚು ಸಾಹಸ ಎಂದುಕೊಳ್ಳುವ ಆಯ್ಕೆಗಳಲ್ಲಿ ಎಷ್ಟೋ ಪಾಲು ಹೀಗೆ, ಹೇಳದೆ ಉಳಿದ ಮಾಹಿತಿಯಿಂದ ಹುಟ್ಟುತ್ತವೆ. ಈ ಆಟಗಳನ್ನು ನಡೆಸುವವರಲ್ಲಿ ಪಳಗಿದವರು ಇದಕ್ಕಾಗಿಯೇ ದಾಳಕ್ಕೆ ಮುಂಚೆ ಒಮ್ಮೆ "ಖಚಿತವಾ?" ಎಂದು ಕೇಳುತ್ತಾರೆ. ಅಷ್ಟೇ ಕೇಳಿದರೆ ಸಾಲದು ಎಂದು ನನ್ನ ಅಭಿಪ್ರಾಯ. ನಮ್ಮ ತರಗತಿಗಳಲ್ಲಿ ಮೇಷ್ಟರು "ಖಚಿತವಾ?" ಎಂದರೆ "ನಿನ್ನ ಉತ್ತರ ತಪ್ಪು" ಎಂದೇ ಅರ್ಥ, ಮಗು ತಕ್ಷಣ ಉತ್ತರ ಬದಲಿಸುತ್ತದೆ. "ಅಲ್ಲಿ ಏನಿದೆ ಅಂದುಕೊಂಡಿದ್ದೀರಿ?" ಎಂದು ಕೇಳಿದರೆ ಮಗು ತನ್ನ ಕಲ್ಪನೆಯನ್ನು ಹೇಳಬೇಕಾಗುತ್ತದೆ. ಅಂತರ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ.

ಈ ಆಟಗಳ ಚರಿತ್ರೆಯಲ್ಲೇ ಇದಕ್ಕೆ ಬೇರಿದೆ. ಇಂದಿನ ರೂಪದ ಪಾತ್ರದಾಟ ಅಚ್ಚಾಗಿ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರಾಗನ್ಸ್' ಮೂಲಕ. ಅದರ ಹಿಂದೆ ಯುದ್ಧದಾಟಗಳ ಪರಂಪರೆ ಇತ್ತು. ಪ್ರಷ್ಯದ ಸೈನ್ಯಾಧಿಕಾರಿಗಳ ತರಬೇತಿಗೆ ರೈಸ್‌ವಿಟ್ಸ್ ಎಂಬ ಅಧಿಕಾರಿ 1824ರಲ್ಲಿ ಪ್ರಕಟಿಸಿದ ಆಟದಲ್ಲಿ ನಕ್ಷೆ, ದಾಳ, ಫಲಗಳ ಕೋಷ್ಟಕ ಮತ್ತು ಒಬ್ಬ ತೀರ್ಪುಗಾರ ಇದ್ದ. ತೀರ್ಪುಗಾರ ಪ್ರತಿ ಪಕ್ಷಕ್ಕೂ ಆ ಪಕ್ಷ ಕಾಣಬಹುದಾದಷ್ಟನ್ನೇ ಹೇಳುತ್ತಿದ್ದ. ಕೋಷ್ಟಕಗಳ ಹೊರೆ ಹೆಚ್ಚಾಯಿತೆಂದು 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ, ದಾಳ ಮತ್ತು ಕೋಷ್ಟಕ ಬದಿಗಿಡಿ, ಅನುಭವಿ ತೀರ್ಪುಗಾರನ ವಿವೇಚನೆ ಸಾಕು ಎಂದು ವಾದಿಸಿದ. ದಾಳ ನಿರ್ಧರಿಸಬೇಕೋ, ಬಲ್ಲವರು ನಿರ್ಧರಿಸಬೇಕೋ ಎಂಬ ಜಗಳ ಅಂದಿನಿಂದ ಇಂದಿನವರೆಗೂ ಮುಗಿದಿಲ್ಲ. ಎರಡು ಪಕ್ಷಕ್ಕೂ ಒಪ್ಪಿಗೆಯಿರುವ ಮಾತೊಂದಿದೆ. ತರಬೇತಿಗೆ ಬಂದವನು ತನ್ನ ಆಜ್ಞೆಯ ಫಲವನ್ನು ನೋಡಬೇಕು, ತೀರ್ಪುಗಾರನ ಸಿಟ್ಟನ್ನಲ್ಲ.

ಕರಾವಳಿಯ ಕಡೆಯಿಂದ ಬರುವ ಪ್ರಶಿಕ್ಷಣಾರ್ಥಿಗಳು ಇದನ್ನು ತಾಳಮದ್ದಳೆಗೆ ಹೋಲಿಸುತ್ತಾರೆ. ಹೋಲಿಕೆ ಅರ್ಧ ಸರಿ. ಅರ್ಥಧಾರಿಯೂ ಬರೆದ ಮಾತಿಲ್ಲದೆ ಆ ಕ್ಷಣದಲ್ಲೇ ಮಾತು ಕಟ್ಟುತ್ತಾನೆ. ಆದರೆ ಕೃಷ್ಣನ ಪಾತ್ರಧಾರಿ ಎಷ್ಟೇ ಚೆನ್ನಾಗಿ ವಾದಿಸಿದರೂ ಸಂಧಾನ ಮುರಿಯಲೇಬೇಕು, ಪ್ರಸಂಗದ ಕೊನೆ ಮೊದಲೇ ಗೊತ್ತು. ಪಾತ್ರದಾಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಭಾಗವತರಿಗೂ. ಚರಿತ್ರೆಯ ಪಾಠದಲ್ಲಿ ಇದೊಂದು ತೊಡಕು. 1565ರ ಯುದ್ಧದ ದಿನ ರಾಮರಾಯನ ಪಾತ್ರವನ್ನು ಮಗುವಿಗೆ ಕೊಟ್ಟು, ಮಗು "ನಾನು ಯುದ್ಧಕ್ಕೇ ಹೋಗಲ್ಲ" ಎಂದರೆ ಶಿಕ್ಷಕರು ಒಂದೋ ಚರಿತ್ರೆ ಮುರಿಯಬೇಕು, ಇಲ್ಲವೇ ಮಗುವಿನ ಮಾತನ್ನು ತಳ್ಳಿಹಾಕಬೇಕು. ಎರಡೂ ಬೇಡವೆಂದರೆ ಸಣ್ಣ ಪಾತ್ರ ಕೊಡಿ. ವರ್ತಕ ಮುಳುಗಿದರೂ ಗೆದ್ದರೂ ಚರಿತ್ರೆ ಅಲುಗುವುದಿಲ್ಲ, ಮಗುವಿನ ಆಯ್ಕೆಗೆ ಬೆಲೆಯೂ ಇರುತ್ತದೆ.

ಎಲ್ಲ ಮಾಹಿತಿ ಕೊಟ್ಟ ಮೇಲೂ ಗುಂಪು "ಹೊಡೀತೀವಿ" ಎಂದರೆ? ಆಗ ಹೊಡೆಯಲಿ. ಗೆಲ್ಲುವ ಸಾಧ್ಯತೆ ಎಷ್ಟೆಂದು ಮೊದಲೇ ಹೇಳಿ, ದಾಳವನ್ನು ಮಗುವಿನ ಕೈಗೆ ಕೊಡಿ. ಎರಡು ದಾಳ ಹಾಕಿದರೆ 36 ಬಗೆಯಲ್ಲಿ ಬೀಳಬಹುದು. ಹತ್ತು ಅಥವಾ ಹೆಚ್ಚು ಬರುವುದು ಅದರಲ್ಲಿ 6 ಸಲ ಮಾತ್ರ. "ಹತ್ತು ಬಿದ್ದರೆ ತಪ್ಪಿಸಿಕೊಂಡಿರಿ, ಇಲ್ಲದಿದ್ದರೆ ಎತ್ತು ಜಪ್ತಿ" ಎಂದು ಕಪ್ಪುಹಲಗೆಯ ಮೇಲೆ ಬರೆದ ಮೇಲೆ ಬಂದ ಫಲಕ್ಕೆ ಯಾರೂ ಮೇಷ್ಟರನ್ನು ದೂರುವುದಿಲ್ಲ. ದಾಳ ಎಲ್ಲರಿಗೂ ಕಾಣುವಂತೆ ಬೀಳಬೇಕು. ಮನೆಯ ಆಟಗಳಲ್ಲಿ ಸೂತ್ರಧಾರ ಒಂದು ರಟ್ಟಿನ ಮರೆಯ ಹಿಂದೆ ದಾಳ ಹಾಕಿ, ಬೇಡದ ಫಲ ಬಂದರೆ ಬೇರೆ ಹೇಳುವುದುಂಟು. ಆಟ ರಂಜಿಸಲಿ ಎಂದು ಅದನ್ನು ಸಮರ್ಥಿಸುವವರಿದ್ದಾರೆ. ತರಗತಿಯಲ್ಲಿ ನಾನು ಇದನ್ನು ಒಪ್ಪಲಾರೆ. ಹುಲಿ ಬಿಡುವವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಮಾಡುವ ತಪ್ಪು ಇದೇ: ಮಗುವಿನ ಮುಖ ಸಪ್ಪೆಯಾಗುವುದನ್ನು ನೋಡಲಾರದೆ ಕಾಪಾಡಿಬಿಡುವುದು. ತುಂಬಿದ ಹೊಳೆಗೆ ಎತ್ತು ಇಳಿಸಿದ ಗುಂಪಿಗೆ "ಅದೃಷ್ಟ, ದಾಟಿಬಿಟ್ಟಿರಿ" ಎನ್ನುತ್ತಾರೆ. ಸುತ್ತು ದಾರಿ ಹಿಡಿದು ಎರಡು ದಿನ ಕಳೆದುಕೊಂಡ ಪಕ್ಕದ ಗುಂಪು ಅದನ್ನು ನೋಡುತ್ತಿರುತ್ತದೆ. ಯೋಚಿಸಿ ಪ್ರಯೋಜನವಿಲ್ಲ ಎಂಬ ಪಾಠವನ್ನು ಆ ಗುಂಪು ಅಂದು ಕಲಿಯುತ್ತದೆ. ಕೆಟ್ಟ ಫಲ ಬಂದರೆ ನಿಮಗೆ ಒಪ್ಪಲಾಗದು ಎಂದಾದರೆ ದಾಳ ಹಾಕಲೇಬೇಡಿ. ನೇರವಾಗಿ "ಹೊಳೆ ಇಳಿಯುವವರೆಗೆ ಎತ್ತು ನೀರಿಗೆ ಕಾಲಿಡುತ್ತಿಲ್ಲ" ಎಂದು ಹೇಳಿ.

ಪರಿಣಾಮ ಎಷ್ಟು ದೊಡ್ಡದಿರಬೇಕು ಎಂಬುದರಲ್ಲಿ ತರಗತಿಗೂ ಮನೆಯಾಟಕ್ಕೂ ವ್ಯತ್ಯಾಸವಿದೆ. ಮನೆಯಾಟದಲ್ಲಿ ಪಾತ್ರ ಸತ್ತರೆ ಆಟಗಾರ ಹೊಸ ಪಾತ್ರ ಬರೆದುಕೊಂಡು ಅರ್ಧ ಗಂಟೆಯಲ್ಲಿ ಮತ್ತೆ ಸೇರುತ್ತಾನೆ. ತರಗತಿಯಲ್ಲಿ ಹತ್ತನೇ ನಿಮಿಷಕ್ಕೆ ಸತ್ತ ಪಾತ್ರದ ಐದು ಮಕ್ಕಳು ಉಳಿದ 30 ನಿಮಿಷ ಕೈಕಟ್ಟಿ ಕೂರುತ್ತಾರೆ. ಇದು ತರಗತಿಯಿಂದ ಹೊರಗೆ ನಿಲ್ಲಿಸಿದಂತೆಯೇ, ನೆರಳಿನಲ್ಲಿ ಕೂರಿಸಿದ್ದೇವೆ ಎಂಬುದಷ್ಟೇ ಬೇರೆ. ಆದ್ದರಿಂದ ತರಗತಿಯ ಆಟದಲ್ಲಿ ಪಾತ್ರ ಸಾಯಬಾರದು ಎಂದೇ ನನ್ನ ಖಚಿತ ಅಭಿಪ್ರಾಯ. ಸಾಯದಿದ್ದರೆ ಮಕ್ಕಳಿಗೆ ಭಯವೇ ಇರುವುದಿಲ್ಲ ಎನ್ನುವವರು ವರ್ತಕನ ಬದುಕನ್ನು ಸರಿಯಾಗಿ ನೋಡಿಲ್ಲ. ಅವನು ಸರಕು ಕಳೆದುಕೊಳ್ಳಬಹುದು, ಸಾಲ ಮಾಡಬೇಕಾಗಬಹುದು, ಹೆಸರು ಕೆಡಬಹುದು. ಸುಂಕದವನನ್ನು ಹೊಡೆದವನ ಜೊತೆ ಒಂದೇ ಸಾಲಿನಲ್ಲಿ ನಡೆಯಲು ಉಳಿದ ವರ್ತಕರು ಒಪ್ಪದಿರಬಹುದು. ಎಲ್ಲಕ್ಕಿಂತ ಒಳ್ಳೆಯ ಪರಿಣಾಮ ಹೊತ್ತು. ದಾರಿಯಲ್ಲಿ ಇಪ್ಪತ್ತು ದಿನ ಕಳೆದುಕೊಂಡವನು ಬಂದರು ತಲುಪುವ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ, ಹಡಗು ಸಮುದ್ರಕ್ಕೆ ಇಳಿಯುವುದಿಲ್ಲ, ಮಳೆಗಾಲ ಮುಗಿಯುವವರೆಗೆ ಸರಕನ್ನು ನೆನೆಯದಂತೆ ಇಟ್ಟುಕೊಂಡು ಕಾಯಬೇಕು. ಪಶ್ಚಿಮ ಕರಾವಳಿಯ ವ್ಯಾಪಾರ ಮಾರುತಗಳ ಮೇಲೆ ನಿಂತಿತ್ತು ಎಂಬ ವಾಕ್ಯವನ್ನು ಹತ್ತು ಸಲ ಬರೆಸಿದರೂ ಅಂಟದ ವಿಷಯ, ಸಕ್ಕರೆ ಹೇರಿಕೊಂಡು ಆಷಾಢದಲ್ಲಿ ಭಟ್ಕಳ ತಲುಪಿದ ಗುಂಪಿಗೆ ಒಂದೇ ಸಲಕ್ಕೆ ಅಂಟುತ್ತದೆ. ಆ ಗುಂಪು ಇನ್ನೂ ಆಟದಲ್ಲಿರುತ್ತದೆ, ಸಕ್ಕರೆಯನ್ನು ಸಿಕ್ಕ ಬೆಲೆಗೆ ಮಾರಬೇಕೋ ಕಾಯಬೇಕೋ ಎಂದು ಲೆಕ್ಕ ಹಾಕುತ್ತಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಆಟದ ಒಳಗಿನ ಮಾತು. ಆಟದ ಹೊರಗೆ ಇನ್ನೂ ಕಷ್ಟದ್ದಿದೆ. ಒಂದು ಶಾಲೆಯಲ್ಲಿ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಈ ಆಟದಲ್ಲಿ ಮೊದಲ ಸಲ ಮಾತಾಡಿದಳು. ಹತ್ತು ಹೇರನ್ನೂ ಹತ್ತಿರದ ಕಾಲುದಾರಿಯಲ್ಲಿ ಇಳಿಸೋಣ ಎಂದಳು. ಗುಂಪಿನ ನಾಲ್ವರು ಏನೂ ಹೇಳಲಿಲ್ಲ. ದಾಳ ಕೈಕೊಟ್ಟಿತು, ಆರು ಹೇರು ಹೋಯಿತು. ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಅವಳನ್ನು "ಆರು ಹೇರು" ಎಂದು ಕರೆಯುತ್ತಿದ್ದರು. ಮಾರನೆಯ ದಿನ ಅವಳು ಮತ್ತೆ ಬಾಯಿ ಬಿಡಲಿಲ್ಲ. ಪ್ರಶಿಕ್ಷಣಾರ್ಥಿ ಆ ದಿನ ಎಲ್ಲವನ್ನೂ ನಿಯಮದಂತೆ ಮಾಡಿದ್ದರು: ಎಚ್ಚರಿಕೆ ಕೊಟ್ಟಿದ್ದರು, ಸಾಧ್ಯತೆ ಹೇಳಿದ್ದರು, ಫಲ ನ್ಯಾಯವಾಗಿತ್ತು. ಆದರೂ ಒಂದು ಮಗು ತೆತ್ತ ಬೆಲೆ ಆ ಪಾಠದಿಂದ ಬಂದ ಲಾಭಕ್ಕಿಂತ ಹೆಚ್ಚಾಯಿತು.

ಇದನ್ನು ತಡೆಯುವ ಉಪಾಯಗಳು ಸಣ್ಣವು, ಆದರೆ ಮರೆತರೆ ನಡೆಯದಂಥವು. ದಾಳಕ್ಕೆ ಮುಂಚೆ ಗುಂಪಿನ ಐವರೂ "ಒಪ್ಪಿದ್ದೇವೆ" ಎಂದು ಬಾಯಿಬಿಟ್ಟು ಹೇಳಬೇಕು. ಒಬ್ಬರು ಒಪ್ಪದಿದ್ದರೆ ಆ ಒಬ್ಬರ ಮಾತು ಕೇಳಿದ ಮೇಲೆಯೇ ದಾಳ. ಪಾತ್ರಕ್ಕೆ ಹೆಸರಿರಬೇಕು, ನಷ್ಟ ಆ ಹೆಸರಿಗೆ ಆಗಬೇಕು. "ನೀನು ಆರು ಹೇರು ಕಳೆದೆ" ಎನ್ನುವುದಕ್ಕೂ "ಮಲ್ಲಿಸೆಟ್ಟಿಯ ಆರು ಹೇರು ಹೋಯಿತು, ಈಗ ಮಲ್ಲಿಸೆಟ್ಟಿ ಏನು ಮಾಡುತ್ತಾನೆ?" ಎನ್ನುವುದಕ್ಕೂ ಬಹಳ ಅಂತರವಿದೆ. ಗಂಟೆ ಹೊಡೆಯುವ ಮುಂಚೆ ಐದು ನಿಮಿಷ ಪಾತ್ರ ಕಳಚುವುದಕ್ಕೆ ಮೀಸಲಿಡಬೇಕು: ಹೆಸರಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು, ಆ ದಾರಿ ಆರಿಸಿದ್ದಕ್ಕೆ ಆಗ ಇದ್ದ ಕಾರಣ ಏನು ಎಂದು ಇಡೀ ಗುಂಪನ್ನು ಕೇಳಬೇಕು. ಫಲ ಕೆಟ್ಟದ್ದಾದ ಮಾತ್ರಕ್ಕೆ ನಿರ್ಧಾರ ಕೆಟ್ಟದ್ದಾಗಿರಬೇಕಿಲ್ಲ, ಈ ಐದು ನಿಮಿಷದಲ್ಲಿ ಅದನ್ನು ಮಕ್ಕಳೇ ಹೇಳುವಂತೆ ಮಾಡಬಹುದು. ಈ ಆಟದವರಲ್ಲಿ ಎಕ್ಸ್ ಕಾರ್ಡ್ ಎಂಬ ಇನ್ನೊಂದು ರೂಢಿಯಿದೆ. ಎಕ್ಸ್ ಅಕ್ಷರ ಬರೆದ ಒಂದು ಚೀಟಿ ಮೇಜಿನ ಮಧ್ಯೆ ಇರುತ್ತದೆ. ಯಾರಾದರೂ ಅದನ್ನು ಮುಟ್ಟಿದರೆ ಆ ಪ್ರಸಂಗವನ್ನು ಬಿಟ್ಟು ಮುಂದೆ ಹೋಗುತ್ತಾರೆ, ಯಾಕೆ ಎಂದು ಕೇಳುವಂತಿಲ್ಲ. ಸಾಲ, ಜಪ್ತಿ, ನೆರೆ ಎಂಬ ಮಾತುಗಳು ಕೆಲವು ಮಕ್ಕಳಿಗೆ ಆಟದ ಮಾತಲ್ಲ. ನಮ್ಮ ಸಹಕಾರಿ ಶಾಲೆಗಳ ಹಳ್ಳಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಸಹೋದ್ಯೋಗಿಯ ಆಕ್ಷೇಪ ಒಂದಿದೆ, ಅದರಲ್ಲಿ ತೂಕವಿದೆ. ಅನುಭವಿ ಶಿಕ್ಷಕರಾದರೆ ಸರಿ, ಮೊದಲ ಸಲ ತರಗತಿಗೆ ಕಾಲಿಟ್ಟ ಪ್ರಶಿಕ್ಷಣಾರ್ಥಿ ನಿಂತ ನಿಲುವಿನಲ್ಲೇ ಇಷ್ಟೆಲ್ಲ ಯೋಚಿಸುವುದು ಹೇಗೆ, ಹುಲಿ ಬಂದದ್ದು ಕೋಪದಿಂದಲ್ಲ, ಗಾಬರಿಯಿಂದ ಎನ್ನುತ್ತಾರೆ ಅವರು. ನಿಜ. ಗಾಬರಿಗೆ ಮದ್ದು ಸಿದ್ಧತೆ. ನಮ್ಮ ಪಾಠ ಯೋಜನೆಯಲ್ಲಿ 'ವಿದ್ಯಾರ್ಥಿಗಳ ನಿರೀಕ್ಷಿತ ಪ್ರತಿಕ್ರಿಯೆ' ಎಂಬ ಅಂಕಣವಿದೆ. ಅದರಲ್ಲಿ ಪ್ರಶಿಕ್ಷಣಾರ್ಥಿಗಳು ಬರೆಯುವುದನ್ನು ನೋಡಿದರೆ ನಮ್ಮ ಶಾಲೆಗಳ ಮಕ್ಕಳು ಹುಟ್ಟಿನಿಂದಲೇ ಸರಿ ಉತ್ತರ ಹೇಳುವವರು ಎಂದುಕೊಳ್ಳಬೇಕು. ಪಾತ್ರದಾಟದ ಪಾಠಕ್ಕಾದರೂ ಆ ಅಂಕಣದಲ್ಲಿ ಪ್ರತಿ ಸನ್ನಿವೇಶಕ್ಕೆ ಎರಡು ದುಡುಕಿನ ಉತ್ತರಗಳನ್ನು ಬರೆಸಬೇಕು. ಹೊಡೆಯುತ್ತೇವೆ ಎನ್ನಬಹುದು, ಕದಿಯುತ್ತೇವೆ ಎನ್ನಬಹುದು, ಎಲ್ಲ ಮಾರಿ ಮನೆಗೆ ಹೋಗುತ್ತೇವೆ ಎನ್ನಬಹುದು. ಎದುರಿಗೆ, ಆ ಕಾಲದ ಆ ಊರಿನಲ್ಲಿ ಹಾಗೆ ಮಾಡಿದವನಿಗೆ ಏನಾಗುತ್ತಿತ್ತು ಎಂದು ಒಂದು ಸಾಲು. ಅದನ್ನು ಬರೆಯಬೇಕಾದರೆ ಪ್ರಶಿಕ್ಷಣಾರ್ಥಿ ಪಠ್ಯಪುಸ್ತಕದ ಆಚೆ ನಾಲ್ಕು ಪುಟ ಓದಲೇಬೇಕಾಗುತ್ತದೆ. ತಯಾರಿಯಿದ್ದವರಿಗೆ ಹುಲಿಯ ಅಗತ್ಯ ಬೀಳುವುದಿಲ್ಲ.

ಪ್ರಶಿಕ್ಷಕರಾದ ನಮ್ಮ ಪಾಲಿನ ಕೆಲಸವೂ ಇದೆ. ದುಡುಕಿದ ಗುಂಪಿನ ಜೊತೆ ಹತ್ತು ನಿಮಿಷ ಕಳೆದು ಪಾಠದ ಕೊನೆಯ ಹಂತ ಮುಟ್ಟದ ಪ್ರಶಿಕ್ಷಣಾರ್ಥಿಗೆ ನಾವು 'ಸಮಯ ನಿರ್ವಹಣೆ ಸಾಲದು' ಎಂದು ಬರೆಯುತ್ತೇವೆ. ಹುಲಿ ಬಿಟ್ಟು ಸಮಯಕ್ಕೆ ಮುಗಿಸಿದವರಿಗೆ ಅಂಕ. ಹೀಗಿರುವಾಗ ಪ್ರಶಿಕ್ಷಣಾರ್ಥಿಗಳು ಯಾವುದನ್ನು ಆರಿಸುತ್ತಾರೆ? ನಮೂನೆ ಬದಲಾಗುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಕೆಳಗಿನ ಷರಾ ಕಾಲಂ ನಮ್ಮ ಕೈಯಲ್ಲಿದೆ. ಮಗುವೊಂದು ಅನಿರೀಕ್ಷಿತ ಆಯ್ಕೆ ಮಾಡಿದಾಗ ಶಿಕ್ಷಕರು ಏನು ಕೇಳಿದರು, ಫಲ ಎಲ್ಲಿಂದ ಬಂತು, ಆ ಮಗುವಿಗೆ ಆಮೇಲೆ ಮತ್ತೆ ಆಯ್ಕೆ ಸಿಕ್ಕಿತೇ ಎಂಬ ಮೂರು ಸಾಲು ಅಲ್ಲಿ ಬರೆಯಬಹುದು.

ಅಂಕದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಕೆಲವು ಪ್ರಶಿಕ್ಷಣಾರ್ಥಿಗಳು ಆಟದಲ್ಲಿ ಗಳಿಸಿದ ಲಾಭವನ್ನೇ ರೂಪಣಾತ್ಮಕ ಮೌಲ್ಯಮಾಪನದ ಅಂಕವಾಗಿ ಬದಲಿಸುತ್ತಿದ್ದಾರೆ. ಹತ್ತು ಹೇರು ತಲುಪಿಸಿದ ಗುಂಪಿಗೆ ಹತ್ತು, ನಾಲ್ಕು ತಲುಪಿಸಿದ ಗುಂಪಿಗೆ ನಾಲ್ಕು. ಇದನ್ನು ಕೂಡಲೇ ನಿಲ್ಲಿಸಬೇಕು. ದಾಳದ ಮೇಲೆ ಮಕ್ಕಳ ಅಂಕ ನಿಲ್ಲಿಸುವುದು ಅನ್ಯಾಯ ಎಂಬುದು ಒಂದು ಕಾರಣ. ಅಂಕ ಹೋಗುತ್ತದೆ ಎಂದರೆ ಯಾವ ಗುಂಪೂ ದುಡುಕುವುದಿಲ್ಲ, ಯಾವ ಗುಂಪೂ ಸುಂಕ ಯಾಕೆ ಎಂದು ಕೇಳುವುದಿಲ್ಲ ಎಂಬುದು ಇನ್ನೂ ದೊಡ್ಡ ಕಾರಣ. ಅಂಕ ಕೊಡಲೇಬೇಕಿದ್ದರೆ ಪಾತ್ರ ಕಳಚಿದ ಮೇಲೆ ಮಕ್ಕಳು ಬರೆಯುವ ನಾಲ್ಕು ಸಾಲಿಗೆ ಕೊಡಲಿ: ಏನು ನಿರ್ಧರಿಸಿದಿರಿ, ಆಗ ಏನು ಗೊತ್ತಿತ್ತು, ಏನಾಯಿತು, ಯಾಕೆ ಹಾಗಾಯಿತು. ಬರುವ ಸೆಮಿಸ್ಟರ್‌ನಲ್ಲಿ ನನ್ನ ಮಾರ್ಗದರ್ಶನಕ್ಕೆ ಬರುವ ಪಾಠ ಯೋಜನೆಗಳಲ್ಲಿ ದುಡುಕಿನ ಉತ್ತರಗಳ ಸಾಲು ಖಾಲಿಯಿದ್ದರೆ ಸಹಿ ಹಾಕದೆ ಹಿಂದಿರುಗಿಸುವುದಾಗಿ ಈಗಾಗಲೇ ಹೇಳಿದ್ದೇನೆ. ಗಣಿತ ಮತ್ತು ವಿಜ್ಞಾನ ಪದ್ಧತಿಯ ಸಹೋದ್ಯೋಗಿಗಳಿಗೆ ಇದು ತಮ್ಮಲ್ಲಿ ಹೊಂದುತ್ತದೋ ಇಲ್ಲವೋ, ಅವರು ಬರೆದರೆ ಓದಲು ಕಾಯುತ್ತಿದ್ದೇನೆ.